ಸ್ನಗ್‌ಗೆ ಕತ್ತಲು ಕಲಿಸಿದ್ದು

ಗ್ಲೆನಿಸ್ ಟ್ಯಾಟ್ನೆಲ್‌ಗೆ ಅರವತ್ತೆಂಟು ವರ್ಷ. ಅದರಲ್ಲಿ ಕಡೆಯ ಇಪ್ಪತ್ತೆರಡು ವರ್ಷ ಅವಳು ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿದ್ದಿಲ್ಲ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡು ಓಡಾಡುವವಳಲ್ಲ. ಕೇಳಿದವರಿಗೆ ಹೇಳುತ್ತಾಳೆ, ಅದೂ ಆಕಳಿಸುತ್ತಾ. ಹ್ಯೂವನ್ ಹೊಳೆಯ ಮೇಲಿನ ಗುಡ್ಡದಲ್ಲಿ, ಹಳೆಯ ಸೇಬಿನ ತೋಟದ ಅಂಚಿಗೆ, ತಗಡಿನ ಸೂರಿನ ಮನೆ ಅವಳದು. ಆ ಮನೆಯಲ್ಲಿ ಬಾಗಿಲ ಹಿಡಿಗೆ ಒಂದು, ಕುರ್ಚಿಯ ಬೆನ್ನಿಗೆ ಒಂದು, ಸೌದೆ ಒಲೆಯ ಪಕ್ಕದ ಮೊಳೆಗೆ ಒಂದು ಎಂದು ಉಣ್ಣೆಬಟ್ಟೆಯ ಚೀಲಗಳು ತೂಗುತ್ತಿರುತ್ತವೆ. ಪ್ರತಿ ಚೀಲದಲ್ಲೂ ಒಂದು ಕಾಡುಪ್ರಾಣಿಯ ಮರಿ. ಅದರ ತಾಯಿ ಯಾವುದೋ ಗಾಡಿಯ ಕೆಳಗೆ ಸತ್ತಿರುತ್ತದೆ. ನಾಲ್ಕು ಗಂಟೆಗೊಮ್ಮೆ ಹಾಲು, ಹಾಲಾದ ಮೇಲೆ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಉಚ್ಚೆ ಮಾಡಿಸುವುದು, ಮತ್ತೆ ಚೀಲ, ಮತ್ತೆ ನಾಲ್ಕು ಗಂಟೆ. ಇದೇ ಅವಳ ಬದುಕು. ಯಾರಿಗೆ ಬೇಕಿತ್ತು ಇದು ಅಂತ ನೀವು ಕೇಳಬಹುದು. ಅವಳೂ ವಾರಕ್ಕೊಂದು ಸಲ ಕೇಳಿಕೊಳ್ಳುತ್ತಾಳೆ.

ಅವಳ ಟಾಸ್ಮೇನಿಯಾ ದ್ವೀಪದಲ್ಲಿ ಬೆಳಗಾಗೆದ್ದು ಗಾಡಿ ಹತ್ತಿದರೆ ಸತ್ತ ಪ್ರಾಣಿ ಕಾಣದ ರಸ್ತೆಯೇ ಇಲ್ಲ. ಕರುಳಿರುವವರು ಗಾಡಿ ನಿಲ್ಲಿಸುತ್ತಾರೆ. ಹೆಣ್ಣಾಗಿದ್ದರೆ ಮರಿ ಹೊರುವ ಹೊಟ್ಟೆಚೀಲದೊಳಗೆ ಕೈಯಿಟ್ಟು ನೋಡುತ್ತಾರೆ. ಮರಿ ಇರಲಿ ಬಿಡಲಿ, ಕೊನೆಗೆ ಸತ್ತ ಪ್ರಾಣಿಯ ಬೆನ್ನ ಮೇಲೆ ಹಳದಿ ಬಣ್ಣದಲ್ಲಿ ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆಯುತ್ತಾರೆ. ಹಿಂದೆ ಬರುವವರು ಮತ್ತೆ ಇಳಿದು ನೋಡುವ ಕೆಲಸವಿಲ್ಲ ಎಂದು ಅದರ ಅರ್ಥ. ಗ್ಲೆನಿಸ್‌ಳ ಗಾಡಿಯಲ್ಲಿ ಬಣ್ಣದ ಡಬ್ಬಿ ಯಾವಾಗಲೂ ಇರುತ್ತದೆ, ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಹಳದಿ. ಸಿಕ್ಕ ಮರಿಗೆ ಅವಳು ಅದು ಸಿಕ್ಕಿದ ಊರಿನ ಹೆಸರನ್ನೇ ಇಡುತ್ತಾಳೆ. ಮನೆಯಲ್ಲಿ ಇಲ್ಲಿಯವರೆಗೆ ಮೂರು ಪೆಲ್ವರಾಟ, ಎರಡು ಸ್ಯಾಂಡ್‌ಫ್ಲೈ ಬೆಳೆದು ಹೋಗಿವೆ.

ಅವಳ ಅಪ್ಪ ಚಳಿಗಾಲದಲ್ಲಿ ಮಲೆಯ ಮೇಲೆ ಗುಡಿಸಲು ಹಾಕಿ ಉರುಳು ಒಡ್ಡಿ, ರಾತ್ರಿ ಮರ ಹತ್ತಿ ತಿರುಗುವ ಹೊಟ್ಟೆಚೀಲದ ಪ್ರಾಣಿ ಪೊಸಮ್ಮನ್ನು ಹಿಡಿದು ಚರ್ಮ ಮಾರುತ್ತಿದ್ದವನು. ಏಳು ವರ್ಷದ ಗ್ಲೆನಿಸ್ ಹಲಗೆಯ ಮೇಲೆ ಹಸಿ ಚರ್ಮ ಹರಡಿ ಮೊಳೆ ಹೊಡೆಯುತ್ತಿದ್ದಳು. ಗಂಡ ಮರ್ವ್ ಸೇಬಿನ ತೋಟದವನು. ಚಿಗುರು ತಿನ್ನಲು ಬರುವ ಪೊಸಮ್‌ಗಳನ್ನು ಮೂವತ್ತು ವರ್ಷ ದೀಪ ಹಿಡಿದು ಗುಂಡಿಟ್ಟು ಹೊಡೆದವನು. ಅದಕ್ಕೇ ಅಂಗಡಿಯ ಡಾರಲ್ ಅವಳು ಹೋದಾಗಲೆಲ್ಲ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೂಗುತ್ತಾನೆ.

"ಏನ್ ಗ್ಲೆನಿಸ್, ನಿಮ್ಮಪ್ಪ ಸುಲಿದ, ನಿನ್ ಗಂಡ ಹೊಡೆದ, ನೀನು ಬಾಟ್ಲಿ ಹಾಲು ಕುಡಿಸ್ತಿದೀಯ. ಯಾವ ಲೆಕ್ಕ ಇದು?"

"ನೀನು ಬ್ರೆಡ್ ಕೊಡಪ್ಪ, ಲೆಕ್ಕ ಆಮೇಲೆ ಕೇಳು."

ಲೆಕ್ಕ ಏನೂ ಇರಲಿಲ್ಲ. ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ ಮುಗಿಸಿ ಬರುವಾಗ ಒಂದು ಸಂಜೆ ಯಾರೂ ಕೈಯಿಟ್ಟು ನೋಡದೆ ಬಿಟ್ಟ ಸತ್ತ ಪೊಸಮ್ ಕಂಡಿತು, ಇಳಿದು ನೋಡಿದಳು, ಒಳಗೆ ಕೂದಲಿಲ್ಲದ ಗುಲಾಬಿ ಬಣ್ಣದ ಮರಿ ಮೊಲೆ ಕಚ್ಚಿಕೊಂಡೇ ಇತ್ತು. ಅದನ್ನು ಬ್ರಾದೊಳಗೆ ಹಾಕಿಕೊಂಡು ಮನೆಗೆ ಬಂದಳು. ಆಮೇಲೆ ಜನ ತಂದುಕೊಡತೊಡಗಿದರು. ಬೇಡ ಅನ್ನಲು ಅವಳಿಗೆ ಬರಲಿಲ್ಲ, ಅಷ್ಟೇ. ಈ ಇಪ್ಪತ್ತೆರಡು ವರ್ಷದ ಕಥೆಯೆಲ್ಲ ಹೀಗೆ ಬೇಡ ಅನ್ನಲು ಬಾರದ್ದರ ಕಥೆ.

ಮೂರು ವರ್ಷದ ಹಿಂದೆ ಅವಳ ಕಣ್ಣು ಮಂಜಾಯಿತು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ನಿಗೆ ಹೆಸರು ಬರೆಸಿದಳು, ಸರದಿ ಬರುವುದು ಬರಲಿ ಎಂದು ಕೂತಳು. ಹಗಲಲ್ಲಿ ಹೇಗೋ ನಡೆಯುತ್ತಿತ್ತು. ಕಷ್ಟವಾದದ್ದು ಹಾಲಿನ ಹೊತ್ತಿಗೆ. ಪೊಸಮ್ ಮರಿಯ ಬಾಯಿ ಎಷ್ಟು ಸಣ್ಣದೆಂದರೆ ಬಾಟಲಿಯ ರಬ್ಬರು ಮೊಲೆ ಬತ್ತಿಯಷ್ಟು ತೆಳ್ಳಗೆ ಇರುತ್ತದೆ. ಅದು ಸ್ವಲ್ಪ ಪಕ್ಕಕ್ಕೆ ಹೋದರೂ ಹಾಲು ಶ್ವಾಸಕ್ಕೆ ಇಳಿಯುತ್ತದೆ. ಇಳಿದರೆ ಎರಡು ದಿನದಲ್ಲಿ ಮರಿ ಹೋಯಿತು. ಹಾಗಾಗಿ ಗ್ಲೆನಿಸ್ ಪಟ್ಟಣದಿಂದ ಬಗ್ಗುವ ಕತ್ತಿನ ಒಂದು ದೊಡ್ಡ ಮೇಜಿನ ದೀಪ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಹಾಲಿನ ಹೊತ್ತಾದರೆ ದೀಪ ಹಾಕುವುದು, ಮರಿಯನ್ನು ಚೀಲದಿಂದ ತೆಗೆಯುವುದು, ಬೆಳಕಿನ ಕೆಳಗೆ ಹಿಡಿದು ಕುಡಿಸುವುದು. ಮುಂಚೆ ಇದನ್ನೆಲ್ಲ ಒಲೆಯ ಮಂದ ಬೆಳಕಿನಲ್ಲೇ ಮಾಡುತ್ತಿದ್ದಳು. ಈಗ ಎಲ್ಲ ಎಷ್ಟು ಸಲೀಸಾಯಿತೆಂದರೆ ಆ ದೀಪವನ್ನು ಮೊದಲೇ ಯಾಕೆ ತರಲಿಲ್ಲ ಅನ್ನಿಸಿತು. ಆ ದೀಪದ ಕೆಳಗೆ ಏಳು ಪೊಸಮ್ ಮರಿಗಳು ಒಂದೂ ಸಾಯದೆ ಬೆಳೆದವು. ಕಿವಿಗೆ ನಂಬರಿನ ಬಿಲ್ಲೆ ಹಾಕಿಸಿ, ಏಳನ್ನೂ ಕಾಡಿಗೆ ಬಿಟ್ಟು ಬಂದಳು.

ಈ ವರ್ಷ ಮಾರ್ಚ್ ತಿಂಗಳಲ್ಲಿ, ಸೇಬು ಕೀಳುವ ಹೊತ್ತಿಗೆ, ವನ್ಯಜೀವಿ ಇಲಾಖೆಯ ಬ್ರಯನಿ ಬಂದಳು. ಮೂವತ್ತು ದಾಟಿದ, ಮಾತು ಕಡಿಮೆಯ ಹುಡುಗಿ. ಮರಿ ಸಾಕುವವರಿಗೆ ಪರವಾನಗಿ ಕೊಡುವುದು, ಮರಿಗಳನ್ನು ಬಿಡಬಹುದೋ ಇಲ್ಲವೋ ನೋಡುವುದು ಅವಳ ಕೆಲಸ. ಯಾವಾಗಲೂ ಬಂದವಳೇ ಚೀಲಗಳೊಳಗೆ ಇಣುಕುತ್ತಿದ್ದವಳು ಅವತ್ತು ಟೋಪಿ ತೆಗೆದು ಮೇಜಿನ ಮುಂದೆ ಕೂತಳು.

"ಗ್ಲೆನಿಸ್, ನೀವು ಬಿಟ್ಟಿದ್ರಲ್ಲ ಏಳು, ಅದರಲ್ಲಿ ಐದು ಸತ್ತಿವೆ."

"ಕಾಡಲ್ವಾ ಬ್ರಯನಿ. ಸಾಯ್ತಾವೆ."

"ಕಾಡಲ್ಲಿ ಸತ್ತಿಲ್ಲ. ಬಿಟ್ಟು ತಿಂಗಳೊಳಗೆ ಸತ್ತಿವೆ. ಒಂದು ಮೀನಿನ ಶೆಡ್ಡಿನ ದೀಪದ ಕೆಳಗೆ ನಾಯಿ ಕಚ್ಚಿ. ಒಂದು ಪೆಟ್ರೋಲ್ ಬಂಕಲ್ಲಿ. ಎರಡು ಯಾರ್ದೋ ಮನೆ ವರಾಂಡದಲ್ಲಿ, ಬಲ್ಬಿನ ಕೆಳಗೆ. ಇನ್ನೊಂದು..." ಅವಳು ಕಾಗದ ನೋಡಿದಳು. "ಇನ್ನೊಂದು ತಿರುವಿನ ದೀಪದ ಕಂಬದ ಹತ್ರ. ಬೇರೆಯವರು ಬಿಟ್ಟವಕ್ಕೆ ಹೀಗಾಗಿಲ್ಲ. ಕತ್ತಲಲ್ಲಿ ಓಡಾಡೋ ಪ್ರಾಣಿ ಬೆಳಕು ಹುಡುಕ್ಕೊಂಡು ಯಾಕೆ ಹೋಗುತ್ತೆ ಅಂತ ನನಗೆ ಅರ್ಥ ಆಗ್ತಿಲ್ಲ."

ಗ್ಲೆನಿಸ್‌ಗೆ ಅರ್ಥವಾಯಿತು. ಹೇಳಿಕೊಡುವವರು ಬೇಕಾಗಲಿಲ್ಲ. ಮೇಜಿನ ಮೇಲೆ ಆ ದೀಪ ಕತ್ತು ಬಗ್ಗಿಸಿಕೊಂಡು ನಿಂತಿತ್ತು. ಕಣ್ಣು ಬಿಟ್ಟ ದಿನದಿಂದ ಆ ಮರಿಗಳಿಗೆ ಬೆಳಕು ಬಂತೆಂದರೆ ಹಾಲು ಬಂತು, ಬೆಚ್ಚಗಿನ ಕೈ ಬಂತು, ಅಮ್ಮ ಬಂದಳು. ಕಾಡಿನಲ್ಲಿ ಹಸಿವಾದಾಗ ಅವು ಎಲ್ಲಿಗೆ ಹೋಗಬೇಕು? ಎಲ್ಲಿ ದೀಪ ಕಂಡಿತೋ ಅಲ್ಲಿಗೆ ಹೋದವು. ಅಮ್ಮ ಬರುತ್ತಾಳೆಂದು ಅದರ ಕೆಳಗೆ ಕೂತವು. ನಾಯಿ ಬಂತು, ಗಾಡಿ ಬಂತು.

"ನಾನೇ," ಎಂದಳು ಗ್ಲೆನಿಸ್. "ನಾನೇ ಕೊಂದೆ ಅವನ್ನ. ಆ ದೀಪ ಹಾಕಿ ಹಾಲು ಕುಡಿಸ್ತಿದ್ದೆ. ನಂಗೆ ಕಾಣಿಸ್ತಿರಲಿಲ್ಲ ಬ್ರಯನಿ."

ಬ್ರಯನಿ ದೀಪ ನೋಡಿದಳು, ಗ್ಲೆನಿಸ್‌ಳ ಕಣ್ಣು ನೋಡಿದಳು, ಹಣೆಗೆ ಕೈಯಿಟ್ಟುಕೊಂಡಳು. ಸೌದೆ ತರಲು ಹೋಗಿದ್ದ ಮರ್ವ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ಬಂದು ಕೆಟಲ್ ಒಲೆಯ ಮೇಲಿಟ್ಟ.

ಈಗ ಮನೆಯಲ್ಲಿ ಉಳಿದಿದ್ದದ್ದು ಒಂದೇ ಮರಿ, ಅದೂ ಪೊಸಮ್. ಸ್ನಗ್ ಊರಿನ ಹತ್ತಿರ ಸಿಕ್ಕಿದ್ದರಿಂದ ಅದು ಸ್ನಗ್. ನವೆಂಬರಿನಲ್ಲಿ ಬಂದಾಗ ಅಂಗೈಯಗಲ ಇತ್ತು, ಈಗ ಅರ್ಧ ಬೆಳೆದ ಬೆಕ್ಕಿನಷ್ಟಾಗಿತ್ತು. ಗುಲಾಬಿ ಮೂಗು, ದೊಡ್ಡ ಕಿವಿ, ಪೊದೆಯಂಥ ಕಪ್ಪು ಬಾಲ. ಹಿತ್ತಿಲಲ್ಲಿ ಸುತ್ತ ತಂತಿಬಲೆ ಬಿಗಿದ ಬಲೆಮನೆಯಲ್ಲಿ ಇರುತ್ತಿತ್ತು. ಸಂಜೆಗೆರಡು ಸಲ ಮಾತ್ರ ಅಡುಗೆಮನೆಗೆ ತಂದು, ದೀಪದ ಕೆಳಗೆ ಬಾಟಲಿ. ಇನ್ನೊಂದೂವರೆ ತಿಂಗಳಿಗೆ ಬಿಡಬೇಕಾದ ಮರಿ.

"ಇದನ್ನ ಪರೀಕ್ಷೆ ಮಾಡದೆ ಬಿಡೋಕಾಗಲ್ಲ ಈಗ," ಎಂದಳು ಬ್ರಯನಿ. "ಒಂದು ಪೆಟ್ಟಿಗೆ. ಆ ಕಡೆ ಕೋಣೆಗೆ ದೀಪ, ಈ ಕಡೆ ಕತ್ತಲು. ಮಧ್ಯದಲ್ಲಿ ಮರಿ ಬಿಡೋದು. ಮೂರು ಸಂಜೆಲಿ ಹತ್ತು ಸಲ. ಹತ್ತರಲ್ಲಿ ಎಂಟು ಸಲ ಕತ್ತಲ ಕಡೆ ಹೋದ್ರೆ ಬಿಡಬಹುದು."

"ಹೋಗದಿದ್ರೆ?"

"ಗೊತ್ತಲ್ಲ ನಿಮಗೆ."

ಗೊತ್ತಿತ್ತು. ಕಾಡಿಗೆ ಬಿಡಲಾಗದ ಪೊಸಮ್ಮನ್ನು ಸಾಕಿಕೊಳ್ಳುವ ಹಾಗಿಲ್ಲ, ಬೋನಿನಲ್ಲಿಟ್ಟು ತೋರಿಸುವವರಿಗೂ ಅದು ಬೇಡ. ಅಂಥ ಪೊಸಮ್ ಬೇಕಾದಷ್ಟಿವೆ. ಅದಕ್ಕೆ ಸಾಯಿಸುವ ಸೂಜಿ. ಬೇರೆ ಸಾಕುವವರಿಗೆ ಕೊಟ್ಟುಬಿಡಿ ಎಂದು ಗ್ಲೆನಿಸ್ ಕೇಳಿದಳು. ಎಲ್ಲರ ಮನೆಯೂ ತುಂಬಿತ್ತು, ಒಬ್ಬಾಕೆ ಮರಿಗಳನ್ನು ಬಚ್ಚಲಮನೆಯಲ್ಲಿಟ್ಟುಕೊಂಡಿದ್ದಳು. ಕೆಡಿಸಿದವಳೇ ಸರಿಮಾಡಬೇಕಿತ್ತು. ಬ್ರಯನಿ ಆರು ವಾರ ಕೊಟ್ಟು ಹೋದಳು.

ಮರುದಿನವೇ ಮರ್ವ್ ಸೇಬಿನ ಪೆಟ್ಟಿಗೆಗಳ ಹಲಗೆ ಬಿಚ್ಚಿ ಅಂಥದ್ದೇ ಪೆಟ್ಟಿಗೆ ಹೊಡೆದ. ಸಂಜೆ ಸ್ನಗ್ಗನ್ನು ಒಳಗೆ ಬಿಟ್ಟು ಮೇಲಿನ ಸಂದಿಯಿಂದ ನೋಡಿದರು. ಅದು ಒಂದು ಕ್ಷಣವೂ ಯೋಚಿಸಲಿಲ್ಲ. ನೇರ ದೀಪದ ಕೋಣೆಗೆ ಹೋಗಿ, ಹಿಂಗಾಲ ಮೇಲೆ ಕೂತು, ಮುಂಗಾಲೆರಡನ್ನೂ ಮೇಲಕ್ಕೆ ಚಾಚಿ, ಬಾಟಲಿಗೆ ಕಾಯಿತು. ಮತ್ತೆ ಬಿಟ್ಟರು. ಮತ್ತೆ ಅಲ್ಲಿಗೇ. ಹತ್ತಕ್ಕೆ ಹತ್ತೂ ಬೆಳಕು.

"ಸಾಕು ಬಿಡು," ಎಂದಳು ಗ್ಲೆನಿಸ್. ಅವಳಿಗೆ ನೋಡಲಾಗಲಿಲ್ಲ.

ಅವತ್ತಿನಿಂದ ಟ್ಯಾಟ್ನೆಲ್ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ದೀಪವಿಲ್ಲ. ಬಲೆಮನೆಯಿಂದ ಅಡುಗೆಮನೆಯ ಕಿಟಕಿ ಕಾಣುತ್ತದೆ, ಸ್ನಗ್ ಬಲೆಗೆ ಅಂಟಿಕೊಂಡು ಅದನ್ನೇ ನೋಡುತ್ತಿರುತ್ತದೆ. ಹಾಗಾಗಿ ಒಂದು ಬಲ್ಬೂ ಇಲ್ಲ, ಟಿವಿಯೂ ಇಲ್ಲ. ಅದೂ ಫುಟ್‌ಬಾಲ್ ಪಂದ್ಯಗಳು ಶುರುವಾಗಿರುವಾಗ! ಮರ್ವ್ ಟಿವಿಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಹಣ್ಣಿನ ಶೆಡ್ಡಿಗೆ ಹೋದ. ಕತ್ತಲಲ್ಲಿ ವಾಪಸು ಬರುವಾಗ ಸೌದೆಯ ರಾಶಿಗೆ ಎಡವಿ ಕಾಲ್ಬೆರಳು ಮುರಿದುಕೊಂಡ.

"ಮೂವತ್ತು ವರ್ಷ ಅವನ್ನ ಹೊಡೆದೆ," ಎಂದು ಕಾಲು ನೀರಲ್ಲಿಟ್ಟುಕೊಂಡು ಗೊಣಗಿದ. "ಒಂದಾದ್ರೂ ನನಗೆ ತಿರುಗಿ ಹೊಡೆದಿರಲಿಲ್ಲ. ಈಗ ಹೊಡೀತು ನೋಡು."

"ಸುಮ್ನೆ ಕೂತ್ಕೊ. ಅದಕ್ಕೆ ಕೇಳಿಸುತ್ತೆ."

"ಕೇಳಿಸ್ಲಿ. ನನ್ನ ಮನೇಲಿ ನಾನು ಬೈಯೋ ಹಾಗೂ ಇಲ್ವಾ?"

ಗ್ಲೆನಿಸ್ ಕತ್ತಲಲ್ಲಿ ಹಾಲು ಕುಡಿಸುವುದನ್ನು ಹೊಸದಾಗಿ ಕಲಿತಳು. ಎಡಗೈ ಹೆಬ್ಬೆರಳನ್ನು ಮರಿಯ ಗಂಟಲ ಮೇಲಿಟ್ಟು, ನುಂಗಿದ್ದು ಬೆರಳಿಗೆ ಗೊತ್ತಾದ ಮೇಲೆ ಮಾತ್ರ ಬಾಟಲಿ ಓರೆ ಮಾಡುವುದು. ಇದು ಬರುತ್ತದೆಂದು ಮೂರು ವರ್ಷದ ಹಿಂದೆ ಯಾಕೆ ಹೊಳೆಯಲಿಲ್ಲ ಎಂದು ಒಳಗೊಳಗೇ ಬೆಂದಳು. ಹೊಳೆದಿದ್ದರೆ ಐದು ಪ್ರಾಣ ಉಳಿಯುತ್ತಿತ್ತು. ಬಲೆಮನೆಯ ತಣ್ಣಗಿನ ನೆಲದ ಮೇಲೆ ಕೂತು ಕೂತು ಅವಳ ಸೊಂಟ ಹಿಡಿದುಕೊಂಡಿತು. ಏಳಬೇಕಾದರೆ ಮೊದಲು ನಾಲ್ಕು ಕಾಲಾಗಿ, ಆಮೇಲೆ ಕಂಬ ಹಿಡಿದು ಏಳುವುದು. ಇದೇ ಕಡೇ ಮರಿ, ಜೂನಿಗೆ ಪರವಾನಗಿ ಮುಗಿಯುತ್ತದೆ, ಮತ್ತೆ ಬರೆಸುವುದಿಲ್ಲ ಎಂದು ಮರ್ವ್‌ಗೆ ಹೇಳಿದಳು. ಅವನು ನಂಬಿದನೋ ಇಲ್ಲವೋ, ಹೂಂ ಅಂದ. ಅವಳು ಮಾತ್ರ ಈ ಸಲ ಸುಮ್ಮನೆ ಹೇಳಿದ್ದಲ್ಲ. ಅವಳ ಮೈಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ನಾಲ್ಕು ವಾರ ಕಳೆಯಿತು. ಪೆಟ್ಟಿಗೆಯಲ್ಲಿ ಬಿಟ್ಟು ನೋಡಿದರೆ ಹತ್ತರಲ್ಲಿ ಐದು ಕತ್ತಲು, ಐದು ಬೆಳಕು. ಅಲ್ಲಿಂದ ಮುಂದಕ್ಕೆ ಒಂದಿಂಚೂ ಸರಿಯಲಿಲ್ಲ. ಕತ್ತಲಲ್ಲೂ ಹಾಲು ಸಿಗುತ್ತದೆಂದು ಸ್ನಗ್ ಕಲಿತಿತ್ತು. ಬೆಳಕಿನಲ್ಲಿ ಸಿಗುವುದಿಲ್ಲವೆಂದು ಕಲಿತಿರಲಿಲ್ಲ. ದೀಪ ಕಂಡರೆ ಈಗಲೂ ಅದರ ಕಿವಿ ನೆಟ್ಟಗಾಗುತ್ತಿತ್ತು.

ಆಗ ಮರ್ವ್, ಊಟಕ್ಕೆ ಕೂತಾಗ, ಕುರಿಮಾಂಸದ ಮೂಳೆಯನ್ನು ಕತ್ತಲಲ್ಲೇ ಚೀಪುತ್ತಾ ಹೇಳಿದ.

"ನಾನೊಂದು ಹೇಳ್ತೀನಿ, ಸಿಟ್ಟಾಗಬೇಡ."

"ಹೇಳು."

"ತೋಟದಲ್ಲಿ ಮುದಿ ಪೊಸಮ್‌ಗಳು ಇರ್ತಿದ್ವು. ಹತ್ತು, ಹನ್ನೆರಡು ವರ್ಷದವು. ಅವು ಹೇಗೆ ಮುದಿಯಾದ್ವು ಗೊತ್ತಾ? ಚಿಕ್ಕದಿದ್ದಾಗ ಒಂದ್ಸಲ ನನ್ನ ಗುಂಡು ತಪ್ಪಿಸ್ಕೊಂಡಿರೋವು. ಆಮೇಲೆ ದೀಪದ ಬೆಳಕು ಬಿದ್ರೆ ಸಾಕು, ಮರದ ಆ ಕಡೆಗೆ ಹೋಗಿಬಿಡ್ತಿದ್ವು. ನೀನು ಕತ್ತಲನ್ನ ಎಷ್ಟು ಒಳ್ಳೇದು ಮಾಡಿದ್ರೂ ಆಗಲ್ಲ ಗ್ಲೆನ್. ಬೆಳಕನ್ನ ಕೆಟ್ಟದ್ದು ಮಾಡ್ಬೇಕು."

"ಬಂದೂಕು ತರ್ತೀಯಾ?"

"ತಟ್ಟೆ ಬಡಿದ್ರೆ ಸಾಕು. ದೀಪಕ್ಕೆ ಬಂದಾಗೆಲ್ಲ ಜೀವ ಬಾಯಿಗೆ ಬರೋ ಹಾಗೆ ಹೆದರಿಸ್ಬೇಕು."

ಗ್ಲೆನಿಸ್ ಚಮಚ ಕೆಳಗಿಟ್ಟಳು. "ಸರಿ. ನೀನೇ ಹೆದರಿಸು. ನಿನಗೆ ಅಭ್ಯಾಸ ಇದೆ."

"ನಾನು ಹೆದರಿಸಿದ್ರೆ ಉಪಯೋಗ ಇಲ್ಲ ಕಣೇ. ನನ್ನನ್ನ ಕಂಡ್ರೆ ಅದು ಹೇಗೂ ಓಡುತ್ತೆ. ಅದು ದೀಪಕ್ಕೆ ಬರೋದು ನೀನು ಇರ್ತೀಯ ಅಂತ."

ಅವಳು ತಟ್ಟೆ ಸರಿಸಿ ಎದ್ದುಹೋದಳು. ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಅವನು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದಳು, ನಿಜವಾಗಿದ್ದದ್ದೇ ಕಷ್ಟ. ಮೂರನೆಯ ಸಂಜೆ ಬಲೆಮನೆಯೊಳಗೆ ಆ ಮೇಜಿನ ದೀಪ ತಂದಿಟ್ಟು, ಕೆಳಗೆ ಸ್ಟೂಲು ಹಾಕಿ ಕೂತಳು. ಮಡಿಲಲ್ಲಿ ರೊಟ್ಟಿ ಬೇಯಿಸುವ ತಗಡಿನ ತಟ್ಟೆ, ಕೈಯಲ್ಲಿ ಸೌಟು. ದೀಪ ಹಾಕಿದಳು.

ಕೊಂಬೆಯ ಮೇಲಿಂದ ಸ್ನಗ್ ದಡಬಡ ಇಳಿದು ಬಂತು. ಒಂದು ತಿಂಗಳಿಂದ ಕಾಣದ ಆ ಮೇಜಿನ ದೀಪ, ಅದರ ಕೆಳಗೆ ಅವಳು! ಓಡಿಬಂದು ಮುಂಗಾಲನ್ನು ಅವಳ ಮಂಡಿಯ ಮೇಲಿಟ್ಟು, ಮೂಗೆತ್ತಿ ಅವಳ ಗಲ್ಲ ಮೂಸಿತು. ಗ್ಲೆನಿಸ್ ಕಣ್ಣು ಮುಚ್ಚಿ ತಟ್ಟೆ ಬಡಿದಳು.

ಆ ಸದ್ದಿಗೆ ಅವಳೇ ಬೆಚ್ಚಿದಳು. ಸ್ನಗ್ ಮಗುಚಿ ಬಿದ್ದು, ಬಲೆಗೆ ಹಾಯ್ದು, ತನ್ನ ಗೂಡಿನೊಳಗೆ ನುಗ್ಗಿತು. ಹತ್ತು ನಿಮಿಷಕ್ಕೆ ಮತ್ತೆ ತಲೆ ಹೊರಹಾಕಿತು. ಅಮ್ಮ ಅಲ್ಲೇ ಇದ್ದಾಳೆ. ಏನೋ ತಪ್ಪಾಗಿರಬೇಕು ಅಂದುಕೊಂಡಿತೋ ಏನೋ, ಮೆಲ್ಲಗೆ ಮತ್ತೆ ಬಂತು. ಮತ್ತೆ ಬಡಿದಳು. ಮೂರನೆಯ ಸಲ ಬಂದಾಗ ಬಡಿಯುವ ಮೊದಲೇ, ಸೌಟು ಎತ್ತಿದ್ದು ಕಂಡೇ, ಅದು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಆದರೂ ಓಡಲಿಲ್ಲ. ಬಡಿಯಲೇಬೇಕಾಯಿತು.

ದೀಪ ಆರಿಸಿ ಹೊರಬಂದವಳು ಬಾವಿಯಷ್ಟು ಆಳದ ಸುಸ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಅತ್ತಳು. ಮರ್ವ್ ತನ್ನ ಕೋಟು ತಂದು ಅವಳಿಗೆ ಹೊದಿಸಿದ. ಆಮೇಲೆ ಸೇಬಿನ ಹೋಳು, ನೀಲಗಿರಿ ಸೊಪ್ಪು ತಗೊಂಡು ಕುಂಟುತ್ತಾ ಕತ್ತಲಲ್ಲಿ ಬಲೆಮನೆಗೆ ಹೋಗಿ ಇಟ್ಟುಬಂದ. ಬಾಟಲಿ ಬಿಡಿಸುವ ಹೊತ್ತು ಹೇಗೂ ಆಗಿತ್ತು. ಇನ್ನು ಮೇಲೆ ಅದಕ್ಕೆ ಕತ್ತಲಲ್ಲಿ ಊಟ ಹಾಕುವವನು ಅವನು, ಬೆಳಕಲ್ಲಿ ಹೆದರಿಸುವವಳು ಇವಳು.

"ಪೊಸಮ್ ಹೊಡೆಯೋನು ದೇವರಾದ, ನೀನು ದೆವ್ವ ಆದೆ," ಎಂದ ಅವನು, ನಗಿಸಲು.

"ಮುಚ್ಚು ಬಾಯಿ, ಮರ್ವ್."

ಹೀಗೆ ಹನ್ನೊಂದು ಸಂಜೆ. ಪ್ರತಿ ಸಂಜೆ ಅದು ಬರುವುದು ತಡವಾಗತೊಡಗಿತು. ಮೊದಲು ಮಂಡಿಯವರೆಗೆ, ಆಮೇಲೆ ಬೆಳಕಿನ ಅಂಚಿನವರೆಗೆ, ಆಮೇಲೆ ಕೊಂಬೆಯ ತುದಿಯವರೆಗೆ. ಹನ್ನೆರಡನೆಯ ಸಂಜೆ ಅವಳು ದೀಪ ಹಾಕಿ ಒಂದು ಗಂಟೆ ಕೂತಳು. ಸ್ನಗ್ ಗೂಡಿನ ಹಿಂದುಗಡೆ ಕತ್ತಲಲ್ಲಿ ಮೈ ಮುದುರಿಕೊಂಡು ಕೂತೇ ಇತ್ತು. ಬಲೆಯಾಚೆಯಿಂದ ಮರ್ವ್ ಪಿಸುಗುಟ್ಟಿದ: "ಗೆದ್ದೆ ಗ್ಲೆನ್." ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಏಪ್ರಿಲ್ ಕೊನೆಗೆ ಬ್ರಯನಿ ಇಲಾಖೆಯ ಪೆಟ್ಟಿಗೆ ತಂದಳು. ಎರಡು ಕೋಣೆ, ನಡುವೆ ಸಣ್ಣ ಗೂಡು, ಎರಡೂ ಕಡೆಗೆ ಒಂದೊಂದು ಕಿಂಡಿ. ಬೆಳಕಿನ ಕೋಣೆಯ ಹೊರಗೋಡೆಗೆ ಜಾಲರಿ. ಮೊದಲ ಸಂಜೆ ನಾಲ್ಕು ಸಲ ಬಿಟ್ಟರು, ನಾಲ್ಕೂ ಕತ್ತಲು. ಗ್ಲೆನಿಸ್ ಉಸಿರು ಬಿಟ್ಟಳು. ಎರಡನೆಯ ಸಂಜೆ ತಗಡಿನ ಮೇಲೆ ಆಲಿಕಲ್ಲು ಬಿದ್ದು ಸ್ನಗ್ ಗಾಬರಿಯಾಗಿ ಎರಡು ಸಲ ಬೆಳಕಿನ ಕಡೆ ನುಗ್ಗಿತು, ಒಂದು ಸಲ ಕತ್ತಲಿಗೆ ಹೋಯಿತು. ಆಲಿಕಲ್ಲಿನಿಂದ ಆಗಿದ್ದು, ಅದನ್ನು ಬಿಡು ಎಂದು ಮರ್ವ್ ಜಗಳಕ್ಕೆ ನಿಂತ. ಕಾಡಲ್ಲಿ ಆಲಿಕಲ್ಲು ಬೀಳಲ್ವಾ ಮರ್ವ್ ಎಂದು ಬ್ರಯನಿ ಬರೆದುಕೊಂಡಳು. ಇನ್ನು ಒಂದೂ ತಪ್ಪುವ ಹಾಗಿರಲಿಲ್ಲ. ಮೂರನೆಯ ಸಂಜೆ ಎರಡು ಸಲ ಬಿಟ್ಟರು, ಎರಡೂ ಕತ್ತಲು. ಒಂಬತ್ತರಲ್ಲಿ ಏಳಾಯಿತು. ಉಳಿದದ್ದು ಒಂದೇ.

"ಕೊನೇದಕ್ಕೆ ಸಾಕಿದೋರು ಬೆಳಕಿನ ಕಡೆ ಕೂರ್ಬೇಕು," ಎಂದಳು ಬ್ರಯನಿ. "ಹೊರಗಡೆ ದೀಪ ಇದ್ದಲ್ಲಿ ಜನ ಇರ್ತಾರಲ್ಲ, ಅದಕ್ಕೆ. ನೀವು ಮಾತಾಡೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ. ಐದು ನಿಮಿಷ."

ಗ್ಲೆನಿಸ್ ಜಾಲರಿಯ ಮುಂದೆ ನೆಲದ ಮೇಲೆ ಕೂತಳು. ತಟ್ಟೆ ಇಲ್ಲ, ಸೌಟು ಇಲ್ಲ. ಬರಿಗೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಳು. ದೀಪ ಅವಳ ಮುಖಕ್ಕೇ ಬಿದ್ದು, ಪೊರೆಯ ಕಣ್ಣಿಗೆ ಎಲ್ಲ ಬರೀ ಹೊಗೆಯಂತೆ ಕಾಣುತ್ತಿತ್ತು. ಬ್ರಯನಿ ಸ್ನಗ್ಗನ್ನು ನಡುವಿನ ಗೂಡಿಗೆ ಬಿಟ್ಟು ಗಡಿಯಾರ ಒತ್ತಿದಳು.

ಬೆಳಕಿನ ಕಡೆಯ ಕಿಂಡಿಯಲ್ಲಿ ಏನೋ ಕಪ್ಪಗೆ ಬಂದು ನಿಂತಿತು. ಅಷ್ಟು ಮಾತ್ರ ಅವಳಿಗೆ ಕಂಡಿತು. ಅದರ ಮೂಗು ಗಾಳಿ ಎಳೆಯುವ ಸದ್ದು ಕೇಳಿಸಿತು. ತಟ್ಟೆಯಿಲ್ಲದ ಅಮ್ಮನ ವಾಸನೆ. ಒಂದು ಹೆಜ್ಜೆ ಇಟ್ಟಿತು, ಉಗುರು ಹಲಗೆಯ ಮೇಲೆ ಗೀಚಿತು. ಇನ್ನೊಂದು ಹೆಜ್ಜೆಗೆ ಅದರ ಪೂರ್ತಿ ಮೈ ಬೆಳಕಿಗೆ ಬರುತ್ತದೆ, ಬಂತೆಂದರೆ ಸೂಜಿ. ಗ್ಲೆನಿಸ್‌ಗೆ ಅದು ಬರುವುದು ಬೇಕಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಆಸೆಯಿಂದ ಅವಳು ಏನನ್ನೂ ಕೇಳಿಕೊಂಡಿರಲಿಲ್ಲ: ಬರಬೇಡ, ನನ್ನ ಹತ್ತಿರ ಬರಬೇಡ. ಹಾಗೆ ಕೇಳಿಕೊಳ್ಳುತ್ತಲೇ, ಬಂದು ಒಂದೇ ಒಂದು ಸಲ ಮಂಡಿಯ ಮೇಲೆ ಕಾಲಿಡಲಿ, ತಾನು ಕೆಟ್ಟವಳಲ್ಲ ಅಂತ ಅದಕ್ಕೆ ಗೊತ್ತಾಗಲಿ ಅಂತಲೂ ಹಂಬಲಿಸುತ್ತಿದ್ದಳು. ಅಲ್ಲಾಡುವ ಹಾಗಿಲ್ಲವೆಂದು ಬೆರಳು ಬಿಗಿಹಿಡಿದಳು.

ಗಂಟಲಲ್ಲಿ ಕೆಮ್ಮಿದಂತೆ ಒಂದು ಒರಟು ಸದ್ದು ಕೇಳಿಸಿತು. ಪೊಸಮ್‌ಗಳು ಶತ್ರುವನ್ನು ಕಂಡಾಗ ಮಾಡುವ ಸದ್ದು ಅದು. ಸ್ನಗ್ ಅದನ್ನು ಅವಳೆದುರು ಎಂದೂ ಮಾಡಿರಲಿಲ್ಲ. ಆಮೇಲೆ ಕಿಂಡಿ ಖಾಲಿಯಾಯಿತು. ಹಲಗೆಯ ಮೇಲೆ ಉಗುರಿನ ಸದ್ದು ಆ ಕಡೆಗೆ, ಕತ್ತಲ ಕೋಣೆಗೆ ಓಡಿ, ಮೂಲೆಯಲ್ಲಿ ನಿಂತಿತು.

ಐದು ನಿಮಿಷ ಬಹಳ ನಿಧಾನ ಕಳೆಯಿತು.

"ಎಂಟು," ಎಂದಳು ಬ್ರಯನಿ. "ಗ್ಲೆನಿಸ್, ಎಂಟಾಯ್ತು. ಬಿಡಬಹುದು ಇದನ್ನ."

ಮರ್ವ್ ಹೆಂಡತಿಯ ಎರಡೂ ಕಂಕುಳಿಗೆ ಕೈಹಾಕಿ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದ. ಚಹಾ ಕೊಟ್ಟ. ಅವಳು ಕುಡಿಯಲಿಲ್ಲ, ಲೋಟವನ್ನು ಕೈಗೆ ಬಿಸಿಗಾಗಿ ಹಿಡಿದುಕೊಂಡಳು. ಬ್ರಯನಿ ಬಿಡುಗಡೆಯ ಅರ್ಜಿ ತುಂಬುತ್ತಾ ಹೋದಳು: ಕಿವಿಯ ನಂಬರು, ತೂಕ, ಹೆಣ್ಣು, ಸಿಕ್ಕ ಜಾಗ. ಕೊನೆಯಲ್ಲಿ ಸಾಕಿದವರು ತಮ್ಮ ಕೈಯಾರೆ ಬರೆಯಬೇಕಾದ ಎರಡು ಸಾಲಿನ ಜಾಗವಿತ್ತು. ಪ್ರಾಣಿ ಕಾಡಿಗೆ ಸಿದ್ಧವಾಗಿದೆಯೇ, ಹಾಗೆನ್ನಲು ಕಾರಣವೇನು.

"ನಾನೇ ಬರೀಲಾ? ನಿಮಗೆ ಕಾಣಿಸಲ್ಲ," ಎಂದಳು ಬ್ರಯನಿ.

"ಕೊಡು ಇಲ್ಲಿ."

ಗ್ಲೆನಿಸ್ ಕಾಗದವನ್ನು ಮೂಗಿನ ಹತ್ತಿರ ಹಿಡಿದು, ದೊಡ್ಡ ದೊಡ್ಡ ಅಕ್ಷರಗಳಲ್ಲಿ, ಗೆರೆ ತಪ್ಪಿ, ನಿಧಾನವಾಗಿ ಬರೆದಳು: ಸಿದ್ಧವಾಗಿದೆ. ನನ್ನನ್ನು ಕಂಡರೆ ಹೆದರುತ್ತದೆ.